ಚಾಕು ಆಮೇಲೆ, ಮೊದಲು ಕೊಕ್ಕೆ: ಮನೆ ಕುಲುಮೆಯ ಮೊದಲ ಕೆಲಸ

"ಕುಲುಮೆ ರೆಡಿ ಇದೆ, ಈಗ ಚಾಕು ಮಾಡೋದು ಹೇಗೆ ಹೇಳಿ." ಕಬ್ಬಿಣ ಬಡಿಯುವ ಹವ್ಯಾಸಕ್ಕೆ ಹೊಸದಾಗಿ ಬಿದ್ದವರು ನನ್ನನ್ನು ಕೇಳುವುದು ಬಹುಪಾಲು ಇದನ್ನೇ. ನನ್ನ ಉತ್ತರವೂ ಬದಲಾಗುವುದಿಲ್ಲ. ಚಾಕು ಬೇಡ, ಕೊಕ್ಕೆ ಮಾಡಿ. ಗೋಡೆಗೆ ಸ್ಕ್ರೂ ಹಾಕಿ ಅಂಗಿ, ಚೀಲ ತಗುಲಿಹಾಕುತ್ತೇವಲ್ಲ, ಆ ಕೊಕ್ಕೆ.

ಇದನ್ನು ಕೇಳಿ ತುಂಬ ಜನರ ಮುಖ ಸಣ್ಣದಾಗುತ್ತದೆ. ಕಾರಣ ಇದೆ. ಚಾಕುವಿಗೆ ಬೇಕಾದದ್ದು ಇಂಗಾಲ ಜಾಸ್ತಿ ಇರುವ ಉಕ್ಕು. ಅದನ್ನು ಸ್ವಲ್ಪ ಜಾಸ್ತಿ ಕಾಯಿಸಿದರೂ ಕೆಟ್ಟಿತು, ತಣ್ಣಗಾದ ಮೇಲೆ ಬಡಿದರೂ ಕೆಟ್ಟಿತು. ಕೆಟ್ಟಿದೆ ಅಂತ ಗೊತ್ತಾಗುವುದು ಕೊನೆಗೆ, ಗಡಸು ಮಾಡಲು ಎಣ್ಣೆಯಲ್ಲಿ ಅದ್ದಿದಾಗ ಟಿಕ್ ಅಂತ ಬಿರುಕು ಬಿಟ್ಟ ಮೇಲೆ. ಕೊಕ್ಕೆಗೆ ಬಳಸುವುದು ಮೈಲ್ಡ್ ಸ್ಟೀಲ್, ಅಂದರೆ ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ ಇರುವ ಮೆದು ಉಕ್ಕು. ಇದು ತಪ್ಪನ್ನು ಕ್ಷಮಿಸುತ್ತದೆ. ಹಾಳಾದರೆ ಮತ್ತೆ ಕಾಯಿಸಿ ಸರಿ ಮಾಡಬಹುದು. ಮೊನೆ ಎಳೆಯುವುದು, ಸುರುಳಿ ಸುತ್ತುವುದು, ಬಾಗಿಸುವುದು, ತಿರುಚುವುದು, ಕತ್ತರಿಸುವುದು, ಚಪ್ಪಟೆ ಮಾಡುವುದು, ತೂತು ಹಾಕುವುದು ಎಲ್ಲವೂ ಅಂಗೈ ಉದ್ದದ ಈ ಒಂದು ವಸ್ತುವಿನಲ್ಲೇ ಬಂದುಬಿಡುತ್ತದೆ.

ಏನೇನು ಬೇಕು

ಸರಳು: 10 ಮಿ.ಮೀ. ಚೌಕದ ಮೈಲ್ಡ್ ಸ್ಟೀಲ್ ಸರಳು, 600 ಮಿ.ಮೀ. ಉದ್ದ. ಇಷ್ಟುದ್ದ ಯಾಕೆ ಅಂದರೆ, ಒಂದು ತುದಿ ಕೆಂಡದಲ್ಲಿದ್ದರೂ ಇನ್ನೊಂದು ತುದಿಯನ್ನು ಕೈಯಲ್ಲೇ ಹಿಡಿಯಬಹುದು. ಇಕ್ಕಳದ ತಲೆನೋವು ಕೆಲಸದ ಕೊನೆಯವರೆಗೂ ಬರುವುದಿಲ್ಲ. ಕಟ್ಟಡಕ್ಕೆ ಹಾಕುವ ಗೀರು ಗೀರಿನ ಸರಳು ಬೇಡ. ಅದರ ಗುಣ ತುಂಡಿನಿಂದ ತುಂಡಿಗೆ ಬದಲಾಗುತ್ತದೆ, ಮೇಲಿನ ಗೀರುಗಳು ಬಡಿದಾಗ ಮಡಚಿಕೊಂಡು ಒಳಗೆ ಸೇರಿಬಿಡುತ್ತವೆ.

ಅಡಿಗಲ್ಲು (ಕಾದ ಕಬ್ಬಿಣವನ್ನು ಮೇಲಿಟ್ಟು ಬಡಿಯುವ ಉಕ್ಕಿನ ಗಟ್ಟಿ): ಅಂಗಡಿಯ ಅಡಿಗಲ್ಲು ಸಿಗಲಿ ಅಂತ ಕಾಯುತ್ತಾ ಕೂರಬೇಡಿ. ನಾಲ್ಕೈದು ಕೆ.ಜಿ.ಯ ದೊಡ್ಡ ಸುತ್ತಿಗೆಯ ತಲೆಯೊಂದನ್ನು ಮರದ ದಿಮ್ಮಿಯಲ್ಲಿ ಅರ್ಧ ಹೂತು, ಮುಖ ಮೇಲೆ ಮಾಡಿ ನಿಲ್ಲಿಸಿದರೆ ಕೊಕ್ಕೆಗೆ ಸಾಕು. ದಪ್ಪ ಶಾಫ್ಟಿನ ತುಂಡನ್ನು ನೆಟ್ಟಗೆ ನಿಲ್ಲಿಸಿದರೂ ಆಗುತ್ತದೆ. ಮುಖ್ಯವಾದದ್ದು ಅಗಲ ಅಲ್ಲ, ಏಟು ಬೀಳುವ ಜಾಗದ ಕೆಳಗೆ ಎಷ್ಟು ಉಕ್ಕಿದೆ ಅನ್ನುವುದು. ಬೀಡು ಕಬ್ಬಿಣದ್ದನ್ನು ಮಾತ್ರ ತರಬೇಡಿ, ಅದರ ಅಂಚು ಸಿಡಿಯುತ್ತದೆ. ಪರೀಕ್ಷೆ ಸುಲಭ: ಬೇರಿಂಗಿನ ಗುಂಡೊಂದನ್ನು ಮೇಲಿಂದ ಬಿಡಿ. ಬಿಟ್ಟ ಎತ್ತರದ ಮುಕ್ಕಾಲು ಭಾಗದಷ್ಟು ಪುಟಿದರೆ ಒಳ್ಳೆಯ ಅಡಿಗಲ್ಲು. ದಪ್ ಅಂತ ಕೂತುಬಿಟ್ಟರೆ ಏಟಿನ ಬಲವನ್ನು ಅದೇ ನುಂಗುತ್ತಿದೆ ಅಂತ ಅರ್ಥ.

ಎತ್ತರದ ಬಗ್ಗೆ ಒಂದು ಮಾತು. ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಗೆಣ್ಣುಗಳು ಅಡಿಗಲ್ಲಿನ ಮುಖಕ್ಕೆ ತಾಗಬೇಕು. ಇದಕ್ಕಿಂತ ತಗ್ಗಾದರೆ ಸೊಂಟ ಹೋಗುತ್ತದೆ, ಎತ್ತರವಾದರೆ ಭುಜ.

ಸುತ್ತಿಗೆ: 800 ಗ್ರಾಂನಿಂದ 1 ಕೆ.ಜಿ. ಒಳಗಿನದು. ಭಾರದ ಸುತ್ತಿಗೆ ತಗೊಂಡರೆ ಕೆಲಸ ಬೇಗ ಆಗುತ್ತದೆ ಅನ್ನಿಸುತ್ತದೆ, ಆದರೆ ಹತ್ತು ನಿಮಿಷಕ್ಕೇ ಗುರಿ ತಪ್ಪುತ್ತದೆ. ಹೊಸ ಸುತ್ತಿಗೆಯ ಮುಖದ ಅಂಚು ಚೂಪಾಗಿರುತ್ತದೆ. ಅದನ್ನು ಅರ ಹಾಕಿ ಚೂರು ದುಂಡಗೆ ಮಾಡಿಕೊಳ್ಳಿ. ಹಾಗೇ ಬಿಟ್ಟರೆ ವಾಲಿದ ಪ್ರತಿ ಏಟಿಗೂ ಉಗುರಲ್ಲಿ ಒತ್ತಿದ ಹಾಗೆ ಅರ್ಧಚಂದ್ರದ ಗುರುತು ಬೀಳುತ್ತದೆ, ಅದು ಕೊನೆಯವರೆಗೂ ಹೋಗುವುದಿಲ್ಲ.

ಉಳಿದದ್ದು: ತುಂಡನ್ನು ಬಿಗಿಯಾಗಿ ಹಿಡಿಯುವ ಬೆಂಚ್ ವೈಸ್, ಕಚ್ಚಿಕೊಂಡು ನಿಲ್ಲುವ ಲಾಕಿಂಗ್ ಪ್ಲೈಯರ್, ತಂತಿ ಬ್ರಷ್, ಅರ, ಹ್ಯಾಕ್ಸಾ, ಡ್ರಿಲ್, ಸ್ಪ್ಯಾನರ್, ಒಂದು ಬಕೆಟ್ ನೀರು, ಪಕ್ಕದಲ್ಲಿ ಇನ್ನೊಂದು ಬಕೆಟ್ ಮರಳು.

ಬಟ್ಟೆ ಹತ್ತಿಯದೇ ಆಗಿರಲಿ. ಪಾಲಿಯೆಸ್ಟರ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಪ್ಯಾಂಟಿನ ಕಾಲು ಶೂ ಮೇಲೆ ಇಳಿದಿರಲಿ, ಶೂ ಒಳಗೆ ತುರುಕಬೇಡಿ, ಕಾದ ಕಬ್ಬಿಣದ ಮೈಯಿಂದ ಉದುರಿದ ಬಿಸಿ ಹೊಪ್ಪಳೆ ನೇರ ಪಾದಕ್ಕೆ ಇಳಿಯುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇ ಬೇಕು, ಈ ವಿಷಯದಲ್ಲಿ ಚೌಕಾಸಿ ಇಲ್ಲ. ಸುತ್ತಿಗೆ ಹಿಡಿಯುವ ಕೈಗೆ ಗ್ಲೌಸ್ ಬೇಡ, ಹಿಡಿತ ಜಾರುತ್ತದೆ. ಇನ್ನೊಂದು ಕೈಗೆ ಸಡಿಲವಾದ ಚರ್ಮದ ಗ್ಲೌಸ್ ಹಾಕಬಹುದು. ಒದ್ದೆ ಗ್ಲೌಸ್ ಹಾಕಿಕೊಂಡು ಬಿಸಿ ಕಬ್ಬಿಣ ಹಿಡಿದರೆ ಒಳಗಿನ ನೀರೇ ಆವಿಯಾಗಿ ಕೈ ಬೇಯಿಸುತ್ತದೆ, ಅದು ನೆನಪಿರಲಿ.

ಬೆಂಕಿ ಹೊತ್ತಿಸುವ ಮೊದಲು ಓದಲೇಬೇಕಾದ್ದು

ಸತು ಲೇಪಿಸಿದ ಕಬ್ಬಿಣವನ್ನು, ಅಂದರೆ ಜಿಐ ಪೈಪು, ಜಿಐ ಬೋಲ್ಟುಗಳನ್ನು ಕುಲುಮೆಗೆ ಹಾಕಬೇಡಿ. ಸತು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ನಮ್ಮ ಕೆಲಸ ನಡೆಯುವುದು ಅದಕ್ಕಿಂತ ಜಾಸ್ತಿ ಬಿಸಿಯಲ್ಲಿ. ಬಿಳಿ ಹೊಗೆ ಏಳುತ್ತದೆ, ಅದನ್ನು ಉಸಿರಾಡಿದರೆ ಕೆಲವು ಗಂಟೆ ಬಿಟ್ಟು ಚಳಿ ಜ್ವರ, ಮೈಕೈ ನೋವು ಹಿಡಿಯುತ್ತದೆ. ಕ್ರೋಮ್ ಹೊಳಪಿನ ತುಂಡುಗಳು, ಹಳದಿ ಮಿಂಚಿನ ಲೇಪ ಇರುವ ಬೋಲ್ಟುಗಳೂ ಬೇಡ.

ಎರಡೂ ಕಡೆ ಮುಚ್ಚಿದ ಕೊಳವೆ, ಗಾಡಿಯ ಶಾಕ್ ಅಬ್ಸಾರ್ಬರ್ ಬೆಂಕಿಯ ಹತ್ತಿರ ಕೂಡ ಬರಬಾರದು. ಒಳಗಿನ ಗಾಳಿ, ಎಣ್ಣೆ ಹಿಗ್ಗಿ ಬಾಂಬಿನ ಹಾಗೆ ಸಿಡಿಯುತ್ತದೆ.

ಕೆಲಸ ಹೊರಗೆ, ನೆರಳಿನಲ್ಲಿ ನಡೆಯಲಿ. ಹೊರಗೆ ಯಾಕೆ ಅಂದರೆ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ನೆರಳು ಯಾಕೆ ಅನ್ನುವುದು ಎರಡನೇ ಹಂತದಲ್ಲಿ ಬರುತ್ತದೆ.

ಇನ್ನೊಂದು, ಎಲ್ಲಕ್ಕಿಂತ ಹೆಚ್ಚು ಜನರನ್ನು ಸುಡುವುದು ಕೆಂಪು ಕಬ್ಬಿಣ ಅಲ್ಲ, ಕಪ್ಪು ಕಬ್ಬಿಣ. 400 ಡಿಗ್ರಿ ಇದ್ದರೂ ನೋಡುವುದಕ್ಕೆ ತಣ್ಣಗಿರುವ ಹಾಗೇ ಕಾಣುತ್ತದೆ. ಹಾಗಾಗಿ ಕೆಳಗೆ ಬಿದ್ದಿರುವ ಯಾವ ತುಂಡನ್ನೂ ನೇರ ಎತ್ತಬೇಡಿ. ಮೊದಲು ಮುಂಗೈಯನ್ನು ಅದರ ಹತ್ತಿರ, ಮುಟ್ಟದೆ ಹಿಡಿಯಿರಿ. ಕಾವು ತಟ್ಟುತ್ತದಾ ನೋಡಿ. ನನ್ನ ಅಂಗೈಯಲ್ಲಿ 10 ಮಿ.ಮೀ. ಅಗಲದ ಗೆರೆಯೊಂದಿದೆ, ಅದಕ್ಕೆ ಹೇಳಿದೆ.

"ಕುಲುಮೆ ಹತ್ತಿರ ನೊಣಕ್ಕೇನು ಕೆಲಸ" ಅನ್ನುತ್ತಾರಲ್ವಾ? ಮಕ್ಕಳು, ಸಾಕುಪ್ರಾಣಿ, ಸುಮ್ನೆ ನೋಡಲು ಬಂದ ಗೆಳೆಯರು ಎಲ್ಲರಿಗೂ ಅದು ಅನ್ವಯ.

1. ಬೆಂಕಿ

ಮೊದಲ ಕೊಕ್ಕೆಗೆ ಗ್ಯಾಸ್ ಕುಲುಮೆ ಬೇಕಿಲ್ಲ. ಆಳವಾದ ಕಬ್ಬಿಣದ ತಟ್ಟೆಯೊಂದಕ್ಕೆ ಜೇಡಿಮಣ್ಣು ತುಂಬಿ, ನಡುವೆ ಒಂದು ಗೇಣು ಅಗಲದ ಬೋಗುಣಿ ಆಕಾರದ ಗುಂಡಿ ಮಾಡಿ. ಪಕ್ಕದಿಂದ 25 ಮಿ.ಮೀ. ಕಬ್ಬಿಣದ ಪೈಪು ಗುಂಡಿಯ ಬುಡದ ಹತ್ತಿರ ಬಾಯಿ ತೆರೆಯಲಿ. ಗುಂಡಿಯ ಎರಡು ಕಡೆ ಇಟ್ಟಿಗೆ ಇಟ್ಟರೆ ಇದ್ದಿಲನ್ನು ಎತ್ತರಕ್ಕೆ ರಾಶಿ ಹಾಕಬಹುದು. ಮಣ್ಣು ಚೆನ್ನಾಗಿ ಒಣಗಿದ ಮೇಲೇ ಬೆಂಕಿ. ಕಾಂಕ್ರೀಟಿನ ತುಂಡು, ನದಿಯ ಕಲ್ಲು ಬಳಸಬೇಡಿ, ಒಳಗಿನ ತೇವಕ್ಕೆ ಸಿಡಿಯುತ್ತವೆ.

ಗಾಳಿಗೆ ತಿದಿಯಾದರೂ ಸರಿ, ಹೇರ್ ಡ್ರೈಯರ್ ಆದರೂ ಸರಿ. ಡ್ರೈಯರನ್ನು ಪೈಪಿಗೆ ಬಿಗಿಯಾಗಿ ಸಿಕ್ಕಿಸದೆ ಎರಡು ಬೆರಳಷ್ಟು ಅಂತರ ಬಿಡಿ. ಇದರಿಂದ ಎರಡು ಲಾಭ. ದೂರ ಹತ್ತಿರ ಮಾಡಿ ಗಾಳಿ ಹೆಚ್ಚು ಕಡಿಮೆ ಮಾಡಬಹುದು. ಗಾಳಿ ನಿಲ್ಲಿಸಿದಾಗ ಉರಿಯುವ ಅನಿಲ ಪೈಪಿನಲ್ಲಿ ತುಂಬಿಕೊಂಡು, ಮತ್ತೆ ಶುರು ಮಾಡಿದಾಗ ಡಬ್ ಅಂತ ಸಿಡಿಯುವುದೂ ತಪ್ಪುತ್ತದೆ.

ಇದ್ದಿಲು ನೆಲ್ಲಿಕಾಯಿಯಿಂದ ನಿಂಬೆಹಣ್ಣಿನ ಗಾತ್ರದ ತುಂಡುಗಳಾಗಿರಲಿ. ದೊಡ್ಡದಾದರೆ ಸಂದಿಯಲ್ಲಿ ಗಾಳಿ ಸೋರುತ್ತದೆ, ಪುಡಿಯಾದರೆ ಗಾಳಿಯೇ ಆಡುವುದಿಲ್ಲ.

ಹೊಸಬರು ಮಾಡುವ ತಪ್ಪು ಇಲ್ಲೇ ಶುರು. ಸರಳಿನ ತುದಿಯನ್ನು ಗಾಳಿ ಬರುವ ಪೈಪಿನ ಬಾಯಿಗೇ ಚುಚ್ಚುತ್ತಾರೆ. ಅಲ್ಲಿ ಆಮ್ಲಜನಕ ಜಾಸ್ತಿ. ಕಬ್ಬಿಣ ಕಾಯುವುದರ ಬದಲು ಮೈಯೆಲ್ಲ ಕಿಟ್ಟ ಹಿಡಿಯುತ್ತದೆ, ಅಂದರೆ ಬೂದು ಬಣ್ಣದ ಹೊಪ್ಪಳೆ ಏಳುತ್ತದೆ. ಪೈಪಿನ ಬಾಯಿಂದ ಒಂದು ಅಂಗೈ ಅಗಲದಷ್ಟು ದೂರದಲ್ಲಿ, ಕೆಳಗೂ ಮೇಲೂ ಕೆಂಡ ಇರುವ ಜಾಗದಲ್ಲಿ ಸರಳನ್ನು ಅಡ್ಡಲಾಗಿ ಮಲಗಿಸಿ. ಅದರ ಮೇಲೆ ಒಂದು ಹಿಡಿ ಇದ್ದಿಲು ಹೊದಿಸಿ. ಮೇಲೆ ಕೆಂಡವಿಲ್ಲದೆ ಬೆತ್ತಲೆ ಕಾಣುವ ಸರಳು ಎಷ್ಟು ಹೊತ್ತಾದರೂ ಸರಿಯಾಗಿ ಕಾಯುವುದಿಲ್ಲ.

2. ಬಣ್ಣ ಓದುವುದು

ನಮಗೆ ಥರ್ಮಾಮೀಟರ್ ಬಣ್ಣವೇ. ಮಂಕು ಕೆಂಪು ಅಂದರೆ ಸುಮಾರು 600ರಿಂದ 700 ಡಿಗ್ರಿ. ದಟ್ಟ ಕೆಂಪು 750ರ ಆಸುಪಾಸು. ಕಿತ್ತಳೆ 900ರಿಂದ 1000. ಹಳದಿ 1100ರಿಂದ 1200. ಅದನ್ನು ದಾಟಿ ಬೆಳ್ಳಗಾಗಿ ಸುರುಸುರು ಬತ್ತಿಯ ಹಾಗೆ ಕಿಡಿ ಹಾರಿದರೆ ಕಬ್ಬಿಣ ಉರಿಯುತ್ತಿದೆ. ಆ ಭಾಗವನ್ನು ಕತ್ತರಿಸಿ ಬಿಸಾಡುವುದೊಂದೇ ದಾರಿ.

ಹಳದಿಯಲ್ಲಿ ತೆಗೆಯಿರಿ, ಕಿತ್ತಳೆಯಲ್ಲಿ ಬಡಿಯಿರಿ, ದಟ್ಟ ಕೆಂಪಿಗೆ ಇಳಿದಾಗ ವಾಪಸ್ ಇಡಿ. ಇಷ್ಟೇ ಲೆಕ್ಕ. ಹೀಗೆ ತೆಗೆದು ಮತ್ತೆ ಒಳಗಿಡುವವರೆಗಿನ ಒಂದು ಸುತ್ತನ್ನು "ಒಂದು ಕಾವು" ಅನ್ನೋಣ. ಬಿಸಿಲಿನಲ್ಲಿ ಕಿತ್ತಳೆಯೂ ಕಪ್ಪಾಗಿ ಕಾಣುತ್ತದೆ. ಇನ್ನೂ ಕಾದಿಲ್ಲ ಅಂದುಕೊಂಡು ಸುಟ್ಟುಹಾಕುತ್ತೀರಿ. ನೆರಳು ಬೇಕು ಅಂದಿದ್ದು ಇದಕ್ಕೇ.

10 ಮಿ.ಮೀ. ಸರಳು ಹೊರಗೆ ಬಂದ ಮೇಲೆ ನಿಮಗೆ ಸಿಗುವುದು ಕೆಲವೇ ಸೆಕೆಂಡು. ಅಡಿಗಲ್ಲು ತಣ್ಣಗಿರುತ್ತದೆ, ಅದರ ಮೇಲೆ ಸುಮ್ನೆ ಇಟ್ಟರೂ ಕಾವು ಹೀರಿಬಿಡುತ್ತದೆ. ಹಾಗಾಗಿ ಮುಂದಿನ ಏಟು ಎಲ್ಲಿಗೆ ಅನ್ನುವುದನ್ನು ಸರಳು ಕೆಂಡದಲ್ಲಿ ಇರುವಾಗಲೇ ಯೋಚಿಸಿ. ಸುತ್ತಿಗೆಯನ್ನು ಕೈಗೆ ತಗೊಂಡೇ ಸರಳು ಎಳೆಯಿರಿ. ಸರಳು ಹೊರಗೆ ತೆಗೆದು ಆಮೇಲೆ ಸುತ್ತಿಗೆ ಹುಡುಕುವವರನ್ನು ಬೇಕಾದಷ್ಟು ನೋಡಿದ್ದೇನೆ.

ಕಣ್ಣಿಗೆ ಗೊತ್ತಾಗದಿದ್ದರೆ ಕಿವಿ ಇದೆ. ಕಾದ ಕಬ್ಬಿಣಕ್ಕೆ ಏಟು ಬಿದ್ದರೆ ದಪ್ ಅನ್ನುತ್ತದೆ, ಮೆತ್ತಗೆ. ತಣ್ಣಗಾಗುತ್ತಾ ಬಂದಂತೆ ಅದು ಟಣ್ ಅನ್ನಲು ಶುರು ಮಾಡುತ್ತದೆ, ಸುತ್ತಿಗೆ ಕೈಯಲ್ಲಿ ಪುಟಿಯುತ್ತದೆ. ಟಣ್ ಕೇಳಿದರೆ ನಿಲ್ಲಿಸಿ. "ಇನ್ನೊಂದೇ ಏಟು" ಅನ್ನುವ ಆಸೆಯಿಂದಲೇ ಮೊಣಕೈ ನೋವು ಬರುವುದು.

3. ಮೊನೆ ಎಳೆಯುವುದು

ಕೊಕ್ಕೆಯ ಅಂದವೆಲ್ಲ ಇದರಲ್ಲಿದೆ. ಸಮಯ ಇಲ್ಲೇ ಹಾಕಿ.

ಎಳೆಯುವುದು ಅಂದರೆ ಬಡಿದು ತೆಳ್ಳಗೆ, ಉದ್ದ ಮಾಡುವುದು. ಕಬ್ಬಿಣ ಎಲ್ಲಿಗೂ ಹೋಗುವುದಿಲ್ಲ, ದಪ್ಪ ಕಡಿಮೆಯಾದಷ್ಟು ಉದ್ದ ಬೆಳೆಯುತ್ತದೆ. 10 ಮಿ.ಮೀ. ಚೌಕದ ಸರಳಿನ ತುದಿಯ 40 ಮಿ.ಮೀ. ಭಾಗವನ್ನು 3 ಮಿ.ಮೀ. ಮೊನೆಗೆ ಎಳೆದರೆ ಅದು ಸುಮಾರು 85 ಮಿ.ಮೀ. ಆಗುತ್ತದೆ. ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳದೆ ಹೊರಟರೆ ಕೊಕ್ಕೆ ಮಾಡಲು ಹೋಗಿ ಆನೆ ಸೊಂಡಿಲು ಆಗುತ್ತದೆ. ತುದಿಯಿಂದ 40 ಮಿ.ಮೀ. ದೂರದಲ್ಲಿ ಉಳಿಯಿಂದ ಸಣ್ಣ ಗುರುತು ಹಾಕಿ. ಚಾಕ್‌ಪೀಸ್ ಗೆರೆ ಕೆಂಡದಲ್ಲಿ ಉಳಿಯುವುದಿಲ್ಲ.

ಗುರುತಿನವರೆಗೆ ಹಳದಿ ಕಾವು ಬರಲಿ. ಸರಳಿನ ತುದಿಯನ್ನು ಅಡಿಗಲ್ಲಿನ ಆಚೆ ಅಂಚಿಗೆ ಸರಿಯಾಗಿ ಇಡಿ. ಹಿಡಿದ ಕೈಯನ್ನು ಸ್ವಲ್ಪ ಎತ್ತಿ, ಸರಳು ವಾಲಿರಲಿ. ಸುತ್ತಿಗೆಯ ಮುಖವೂ ಅಷ್ಟೇ ವಾಲಿರಲಿ. ಎರಡೂ ಸೇರಿ ಮೊನೆಯ ಕೋನ ಆಗುತ್ತದೆ. ಮೊದಲು ತುದಿಯ 10 ಮಿ.ಮೀ. ಮಾತ್ರ ಚೂಪು ಮಾಡಿ, ಆಮೇಲೆ ಹಿಂದಕ್ಕೆ ಬನ್ನಿ. ಹಿಂದಿನಿಂದ ಶುರು ಮಾಡಿ ತುದಿಗೆ ಹೋದರೆ ತುದಿ ದಪ್ಪ ಉಳಿದು ನಡುವೆ ಕುತ್ತಿಗೆ ಬೀಳುತ್ತದೆ.

ಎರಡು ಮೂರು ಏಟು, ಸರಳನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಎರಡು ಮೂರು ಏಟು. ವಾಪಸ್ ತಿರುಗಿಸಿ. ಬರೀ ಎರಡು ಮುಖಕ್ಕೆ, ಹಿಂದೆ ಮುಂದೆ. ಅಡಿಗಲ್ಲೇ ಕೆಳಗಿನ ಎರಡು ಮುಖ ನೋಡಿಕೊಳ್ಳುತ್ತದೆ. ತಿರುಗಿಸಿದಾಗ ಚೌಕದ ಮುಖ ಅಡಿಗಲ್ಲಿಗೆ ಸಪಾಟಾಗಿ ಕೂತಿದ್ದು ಕೈಗೆ ತಿಳಿಯುತ್ತದೆ, ಆ ಅನುಭವ ಬರುವವರೆಗೆ ಬಡಿಯಬೇಡಿ.

ಸರಿಯಾಗಿ ಕಾಲು ಸುತ್ತು ತಿರುಗದಿದ್ದರೆ ಚೌಕ ಓರೆಯಾಗಿ ವಜ್ರದ ಆಕಾರ ಬರುತ್ತದೆ. ಎಲ್ಲರಿಗೂ ಬರುತ್ತದೆ. ಗಾಬರಿಯಿಂದ ಮುಖಗಳನ್ನೇ ಬಡಿಯುತ್ತಾ ಹೋದರೆ ಇನ್ನಷ್ಟು ಓರೆಯಾಗುತ್ತದೆ. ಚೆನ್ನಾಗಿ ಕಾಯಿಸಿ, ಉದ್ದ ಕರ್ಣ ಮೇಲೆ ಬರುವ ಹಾಗೆ ಮೂಲೆಯ ಮೇಲೆ ನಿಲ್ಲಿಸಿ, ಆ ಮೂಲೆಗೆ ಹಗುರ ಏಟು ಕೊಡಿ. ಚೌಕ ವಾಪಸ್ ಬರುತ್ತದೆ.

ಇಲ್ಲಿ ಎಲ್ಲರೂ ಕೇಳುವುದು: "ನನಗೆ ಗುಂಡು ಮೊನೆ ಬೇಕು, ಮೊದಲಿಂದಲೇ ಉರುಳಿಸುತ್ತಾ ಬಡಿದರೆ ಆಗಲ್ವಾ?" ಆಗಲ್ಲ. ಗುಂಡಗೆ ಉರುಳಿಸುತ್ತಾ ಬಡಿದರೆ ಹೊರಮೈ ಮಾತ್ರ ಉದ್ದವಾಗುತ್ತದೆ, ಒಳಗಿನ ಕಬ್ಬಿಣ ಹಿಂದೆ ಉಳಿಯುತ್ತದೆ. ತುದಿಯಲ್ಲಿ ಮೀನಿನ ಬಾಯಿಯ ಹಾಗೆ ಕುಳಿ ಬೀಳುತ್ತದೆ, ನಡುವೆ ಬಿರುಕು ಬಿಡುತ್ತದೆ. ಮೊದಲು ಚೌಕವಾಗಿಯೇ ಪೂರ್ತಿ ಮೊನೆ ಎಳೆಯಿರಿ. ಆಮೇಲೆ ನಾಲ್ಕು ಮೂಲೆಗಳನ್ನು ತಟ್ಟಿ ಎಂಟು ಪಟ್ಟಿ ಮಾಡಿ. ಕೊನೆಗೆ ಎಂಟು ಮೂಲೆಗಳನ್ನು ಹಗುರವಾಗಿ ತಟ್ಟುತ್ತಾ ಉರುಳಿಸಿ, ಗುಂಡಾಗುತ್ತದೆ. ಚೌಕ, ಎಂಟು, ಗುಂಡು. ಮೊಳೆಯಿಂದ ಈಟಿಯವರೆಗೆ ಇದೇ ಕ್ರಮ.

ನಡುನಡುವೆ ಪ್ರತಿ ಕಾವಿಗೂ ಮೊದಲು ತಂತಿ ಬ್ರಷ್‌ನಿಂದ ಕಿಟ್ಟ ಉಜ್ಜಿ ತೆಗೆಯಿರಿ. ಬಿಟ್ಟರೆ ಏಟಿಗೆ ಅದು ಒಳಗೆ ಒತ್ತಿಕೊಂಡು ಸಿಡುಬಿನ ಕಲೆಯ ಹಾಗೆ ಗುಳಿ ಉಳಿಯುತ್ತದೆ. ಮೊದಲ ಸಲ ಈ ಮೊನೆಗೆ ಎಂಟು ಹತ್ತು ಕಾವು ಬೇಕಾದರೆ ನಾಚಿಕೊಳ್ಳಬೇಡಿ. ಮೊನೆಯನ್ನು ಸೂಜಿ ಮಾಡಲು ಮಾತ್ರ ಹೋಗಬೇಡಿ. ತೆಳ್ಳನೆಯ ತುದಿ ಉಳಿದ ಭಾಗಕ್ಕಿಂತ ಎಷ್ಟೋ ಮೊದಲು ಕಾಯುತ್ತದೆ. ಕಣ್ಣು ಆಚೆ ಹೋಯಿತೋ, ಕಿಡಿ ಹಾರಿ ಮಾಯವಾಗಿರುತ್ತದೆ.

4. ತುದಿಗೆ ಸಣ್ಣ ಸುರುಳಿ

ಚೂಪು ತುದಿ ಬಟ್ಟೆ ಹರಿಯುತ್ತದೆ, ಕೈ ಗೀರುತ್ತದೆ. ಅದಕ್ಕೇ ಈ ಸುರುಳಿ.

ಮೊನೆಯ ಕೊನೆಯ ಭಾಗವನ್ನು ಮಾತ್ರ ಕಿತ್ತಳೆ ಮಾಡಿ. ತುದಿಯ 5 ಮಿ.ಮೀ. ಅಡಿಗಲ್ಲಿನ ಅಂಚಿನಿಂದ ಆಚೆ ಚಾಚಲಿ. ಅದನ್ನು ಕೆಳಮುಖವಾಗಿ ಹಗುರ ತಟ್ಟಿ ಬಾಗಿಸಿ. ಸರಳನ್ನು ಚೂರು ಮುಂದೆ ತಳ್ಳಿ, ಮತ್ತೆ ತಟ್ಟಿ. ಈಗ ಸರಳನ್ನು ತಿರುವಿ ಹಾಕಿ, ಬಾಗಿದ ತುದಿ ಮೇಲೆ ನೋಡುತ್ತಿರಲಿ. ಅದನ್ನು ನಿಮ್ಮ ಕಡೆಗೆ, ಒಳಕ್ಕೆ ಮಡಿಸುವ ಹಾಗೆ ತಟ್ಟಿ. ಕೆಳಕ್ಕೆ ಗುದ್ದಿದರೆ ಸುರುಳಿ ಚಪ್ಪಟೆಯಾಗುತ್ತದೆ, ಮುಂದಿನಿಂದ ಹಿಂದಕ್ಕೆ ತಳ್ಳುವ ಏಟು ಬೇಕು. ಬಟಾಣಿ ಗಾತ್ರ ಬಂದರೆ ಸಾಕು.

5. ದೊಡ್ಡ ಬಾಗು

ಮೊದಲು ಸುರುಳಿಯನ್ನಷ್ಟೇ ನೀರಿಗೆ ಅದ್ದಿ ತೆಗೆಯಿರಿ. ತಣ್ಣಗಿರುವ ಭಾಗ ಬಾಗುವುದಿಲ್ಲ, ಆಕಾರ ಉಳಿಯುತ್ತದೆ. ಮೈಲ್ಡ್ ಸ್ಟೀಲ್ ಆದ್ದರಿಂದ ಇದು ನಡೆಯುತ್ತದೆ. ಇಂಗಾಲ ಜಾಸ್ತಿ ಇರುವ ಉಕ್ಕನ್ನು ಹೀಗೆ ನೀರಿಗೆ ಅದ್ದಿದರೆ ಗಾಜಿನ ಹಾಗೆ ಪೆಡಸಾಗಿ ಮುರಿಯುತ್ತದೆ.

ಅಡಿಗಲ್ಲಿಗೆ ಕೊಂಬು, ಅಂದರೆ ಪಕ್ಕಕ್ಕೆ ಚಾಚಿದ ದುಂಡನೆಯ ಮೂತಿ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ವೈಸ್‌ಗೆ ಕಚ್ಚಿಸಿದ 35 ಮಿ.ಮೀ. ಆಸುಪಾಸಿನ ದಪ್ಪ ಪೈಪಿನ ಮೇಲೆ ಮೊನೆಯನ್ನು ಬಾಗಿಸಿ. ದಿಕ್ಕು ಸುರುಳಿಯ ವಿರುದ್ಧ. ಸುರುಳಿ ಹೊರಕ್ಕೆ, ಬಾಗು ಒಳಕ್ಕೆ. ಕಬ್ಬಿಣ ಪೈಪಿಗೆ ತಾಗಿರುವ ಜಾಗದ ಮೇಲೆ ಬಡಿದರೆ ಅದು ಚಪ್ಪಟೆಯಾಗುತ್ತದೆ. ತಾಗಿರುವ ಜಾಗದಿಂದ ಮುಂದೆ, ಗಾಳಿಯಲ್ಲಿ ಚಾಚಿದ ಭಾಗಕ್ಕೆ ತಟ್ಟಿ. ಅದೇ ಸುತ್ತಿಕೊಂಡು ಬರುತ್ತದೆ.

6. ತಿರುಚು (ಬೇಕಿದ್ದರೆ)

ಬಾಗಿನ ಹಿಂದೆ 30 ಮಿ.ಮೀ. ಬಿಟ್ಟು, ಅಲ್ಲಿಂದ 40 ಮಿ.ಮೀ. ಉದ್ದವನ್ನು ಒಂದೇ ಸಮನಾಗಿ ಕಿತ್ತಳೆ ಮಾಡಿ. ಬಾಗಿನ ಕಡೆಯ ಚೌಕ ಭಾಗವನ್ನು ವೈಸ್‌ಗೆ ಕಚ್ಚಿಸಿ, ಇನ್ನೊಂದು ಕಡೆ ಸ್ಪ್ಯಾನರ್ ಹಾಕಿ ನಿಧಾನಕ್ಕೆ ಒಂದು ಪೂರ್ತಿ ಸುತ್ತು ತಿರುಗಿಸಿ. ಕಾವು ಎಲ್ಲಿ ಜಾಸ್ತಿಯೋ ಅಲ್ಲಿ ಜಾಸ್ತಿ ತಿರುಚುತ್ತದೆ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಬಂದರೆ ತಪ್ಪು ಕೈಯದ್ದಲ್ಲ, ಬೆಂಕಿಯದ್ದು. ನೆಟ್ಟಗೆ ಮಾಡಬೇಕಾದರೆ ಕಬ್ಬಿಣದ ಸುತ್ತಿಗೆ ಬೇಡ, ಮರದ ಕೊಡತಿಯಿಂದ ಮರದ ಮೇಲಿಟ್ಟು ತಟ್ಟಿ. ಇಲ್ಲದಿದ್ದರೆ ತಿರುಚಿನ ಚೂಪು ಅಂಚುಗಳೆಲ್ಲ ಸವೆದು ಹೋಗುತ್ತವೆ.

7. ಕತ್ತರಿಸಿ, ಚಪ್ಪಟೆ ಮಾಡುವುದು

ತಿರುಚಿನಿಂದ 35 ಮಿ.ಮೀ. ಆಚೆ ಕತ್ತರಿಸಿ. ಹ್ಯಾಕ್ಸಾದಲ್ಲಿ ತಣ್ಣಗೆ ಕತ್ತರಿಸಿದರೂ ಯಾರೂ ಬೈಯುವುದಿಲ್ಲ. ಇನ್ನು ಮುಂದೆ ಕೈಯಲ್ಲಿ ಹಿಡಿಯಲಾಗುವುದಿಲ್ಲ. ಬಾಗಿನ ಹತ್ತಿರ ಉಳಿದ ಚೌಕ ಭಾಗವನ್ನು ಲಾಕಿಂಗ್ ಪ್ಲೈಯರ್‌ನಿಂದ ಕಚ್ಚಿ ಹಿಡಿಯಿರಿ. ಜಾರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ಬೆಂಕಿಗೆ ಇಡಿ. ಅರೆಬರೆ ಹಿಡಿದ ತುಂಡು ಮೊದಲ ಏಟಿಗೇ ಹಾರುತ್ತದೆ, ಎಲ್ಲಿಗೆ ಅಂತ ಹೇಳಲಾಗುವುದಿಲ್ಲ.

ತುದಿಯ 30 ಮಿ.ಮೀ. ಹಳದಿ ಮಾಡಿ. ಈಗ ಗಮನ ಕೊಡಿ. ಕೊಕ್ಕೆಯ ಬೆನ್ನು ಅಡಿಗಲ್ಲಿನ ಮೇಲೆ ಮಲಗಿರಬೇಕು, ಬಾಗು ಮೇಲಕ್ಕೆ, ಆಕಾಶದ ಕಡೆಗೆ ಎದ್ದಿರಬೇಕು. ಹಾಗಿಟ್ಟು ತುದಿಯನ್ನು 4 ಮಿ.ಮೀ. ದಪ್ಪಕ್ಕೆ ಬಡಿಯಿರಿ. ಪಕ್ಕಕ್ಕೆ ಮಲಗಿಸಿ ಬಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಗೋಡೆಗೆ ಹಾಕುವವರೆಗೆ. ನನ್ನ ಮೊದಲ ಕೊಕ್ಕೆ ಹಾಗೇ ಆಗಿ ಗೋಡೆಗೆ ಅಂಟಿಕೊಂಡು ಪಕ್ಕಕ್ಕೆ ಮುಖ ತಿರುಗಿಸಿ ನಿಂತಿತ್ತು. ಅಂಗಿಯಲ್ಲ, ದಾರ ಕೂಡ ನೇತುಹಾಕುವ ಹಾಗಿರಲಿಲ್ಲ.

ಅಂಚುಗಳಲ್ಲಿ ಬಿರುಕು ಕಂಡರೆ ತಣ್ಣಗಾದ ಮೇಲೂ ಬಡಿದಿದ್ದೀರಿ ಅಂತ ಅರ್ಥ. ಅರ ಹಾಕಿ ತೆಗೆದುಬಿಡಿ, ಇಲ್ಲದಿದ್ದರೆ ಒಳಗೆ ಹರಿಯುತ್ತದೆ.

8. ತೂತು

ಮೊದಲ ಕೊಕ್ಕೆಗೆ ಡ್ರಿಲ್ ಸಾಕು. ಪೂರ್ತಿ ತಣ್ಣಗಾದ ಮೇಲೆ ನಡುವೆ ಚೂಪು ತುದಿಯ ಸೆಂಟರ್ ಪಂಚ್‌ನಿಂದ ಚುಕ್ಕೆ ಹಾಕಿ, 5 ಮಿ.ಮೀ. ಬಿಟ್‌ನಿಂದ ಕೊರೆಯಿರಿ. ವೈಸ್‌ಗೆ ಕಚ್ಚಿಸಿಯೇ ಕೊರೆಯಿರಿ. ಕೈಯಲ್ಲಿ ಹಿಡಿದರೆ ಬಿಟ್ ಸಿಕ್ಕಿಕೊಂಡಾಗ ಕೊಕ್ಕೆ ಫ್ಯಾನಿನ ಹಾಗೆ ತಿರುಗಿ ಬೆರಳಿಗೆ ಬಡಿಯುತ್ತದೆ.

9. ಮೇಣ

ಕೊಕ್ಕೆಯನ್ನು ಮಂಕು ಕೆಂಪಿಗೆ ಕಾಯಿಸಿ, ತಂತಿ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ. ಕೆಂಪು ಪೂರ್ತಿ ಹೋಗಿ ಸ್ವಲ್ಪ ಹೊತ್ತಾಗಲಿ. ಜೇನುಮೇಣದ ತುಂಡನ್ನು ತಾಗಿಸಿ ನೋಡಿ. ಭಗ್ ಅಂತ ಹೊತ್ತಿಕೊಂಡರೆ ಜಾಸ್ತಿ ಬಿಸಿ, ತಡೆಯಿರಿ. ಕರಗಿ ಹರಿದು ತೆಳುವಾಗಿ ಹೊಗೆಯಾಡಿದರೆ ಸರಿಯಾದ ಹೊತ್ತು. ಎಲ್ಲ ಕಡೆ ಸವರಿ, ಹತ್ತಿ ಬಟ್ಟೆಯಿಂದ ಒರೆಸಿ. ಕಪ್ಪಗೆ ಮಿಂಚುತ್ತದೆ. ಮನೆಯೊಳಗೆ ತುಕ್ಕು ಹಿಡಿಯುವುದಿಲ್ಲ, ಮಳೆ ಬೀಳುವ ಜಾಗಕ್ಕೆ ಮಾತ್ರ ಪೇಂಟೇ ಬೇಕು.

ಕೆಲವರು ಮೇಣದ ಬದಲು ಅಗಸೆ ಎಣ್ಣೆ ಹಚ್ಚುತ್ತಾರೆ. ಒಳ್ಳೆಯದೇ. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸೇರಿ ಸೇರಿ ತಾನಾಗೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರಡಿ ಹೊರಗೆ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಎರಡನೇ ಕೊಕ್ಕೆಗೆ ನಿಮ್ಮದೇ ಪಂಚ್

ಡ್ರಿಲ್ ತೂತು ನೋಡಲು ಕಾರ್ಖಾನೆಯದ್ದರ ಹಾಗಿರುತ್ತದೆ. ಬಿಸಿಯಲ್ಲಿ ಹಾಕಿದ ತೂತಿನ ಸುತ್ತ ಕಬ್ಬಿಣ ಸ್ವಲ್ಪ ಉಬ್ಬಿ, ಕಣ್ಣಿನ ರೆಪ್ಪೆಯ ಹಾಗೆ ಕಾಣುತ್ತದೆ. ನನಗೆ ಅದೇ ಇಷ್ಟ. ಅದಕ್ಕೊಂದು ಪಂಚ್ ಬೇಕು, ಅಂದರೆ ಬಡಿದು ತೂತು ಹಾಕುವ ಕಡ್ಡಿ.

ಗಾಡಿಯ ಹಳೆಯ ಕಾಯಿಲ್ ಸ್ಪ್ರಿಂಗಿನಿಂದ ಬಿಡಿಸಿದ 12 ಮಿ.ಮೀ. ದಪ್ಪದ ತುಂಡು ಒಂದು ಗೇಣಿನಷ್ಟು ಸಾಕು. ಸ್ಪ್ರಿಂಗಿನ ಉಕ್ಕಿನಲ್ಲಿ ಸಾಮಾನ್ಯವಾಗಿ ಇಂಗಾಲ ಶೇಕಡಾ 0.6ರ ಸುತ್ತಮುತ್ತ ಇರುತ್ತದೆ. ಕಿತ್ತಳೆಯಲ್ಲೇ ಬಡಿಯಿರಿ, ಹಳದಿ ದಾಟಿಸಬೇಡಿ, ದಟ್ಟ ಕೆಂಪಿಗಿಂತ ಕೆಳಗೆ ಒಂದು ಏಟೂ ಬೇಡ. ಮೂರನೇ ಹಂತದ ಹಾಗೇ ಚೌಕ, ಎಂಟು, ಗುಂಡು ಕ್ರಮದಲ್ಲಿ ತುದಿಯನ್ನು 6 ಮಿ.ಮೀ.ಗೆ ಎಳೆದು, ಮುಖವನ್ನು ಸಪಾಟಾಗಿ ಅರ ಹಾಕಿ. ಚೂಪು ಮಾಡಬೇಡಿ. ಚೂಪು ಪಂಚ್ ಕಬ್ಬಿಣವನ್ನು ಸೀಳುತ್ತದೆ, ಸಪಾಟು ಪಂಚ್ ಕತ್ತರಿಸುತ್ತದೆ.

"ಇದಕ್ಕೆ ಹದ ಹಾಕಬೇಕಲ್ವಾ?" ಹದ ಹಾಕುವುದು ಅಂದರೆ ಕಾಯಿಸಿ ಎಣ್ಣೆಗೆ ಅದ್ದಿ ಗಡಸು ಮಾಡಿ, ಮತ್ತೆ ಹಗುರ ಕಾಯಿಸಿ ಪೆಡಸು ತೆಗೆಯುವುದು. ಈ ಪಂಚ್‌ಗೆ ಬೇಡ. ಕಾದ ಕಬ್ಬಿಣದೊಳಗೆ ಹೋಗಿ ಬರುವಾಗ ಹಾಕಿದ ಹದ ಹೇಗೂ ಇಳಿದುಹೋಗುತ್ತದೆ. ಅದರ ಬದಲು ಅಯಸ್ಕಾಂತ ಅಂಟದಷ್ಟು, ಅಂದರೆ 770 ಡಿಗ್ರಿ ದಾಟುವಷ್ಟು ಕಾಯಿಸಿ ಗಾಳಿಯಲ್ಲಿ ತಣ್ಣಗಾಗಲು ಬಿಡಿ. ಹೀಗೆ ಮೂರು ಸಲ. ಬಡಿತಕ್ಕೆ ಒಳಗೆ ಕಟ್ಟಿಕೊಂಡ ಬಿಗುವು ಬಿಟ್ಟುಕೊಳ್ಳುತ್ತದೆ, ಅಷ್ಟೇ ಸಾಕು.

ಇನ್ನು ತೂತು. ಚಪ್ಪಟೆ ತುದಿಯನ್ನು ಹಳದಿ ಮಾಡಿ ಅಡಿಗಲ್ಲಿನ ಮೇಲಿಡಿ. ಪಂಚ್ ನೆಟ್ಟಗೆ ನಿಲ್ಲಿಸಿ ಮೂರು ಗಟ್ಟಿ ಏಟು. ಪಂಚ್ ತೆಗೆದು ನೀರಿಗೆ ಅದ್ದುವ ಬದಲು ಗಾಳಿಯಲ್ಲಿ ತಣ್ಣಗಾಗಲು ಬಿಡಿ, ಇದು ಸ್ಪ್ರಿಂಗ್ ಉಕ್ಕು. ಮತ್ತೆ ಮೂರು ಏಟು. ಒಳಗೆ ಗಟ್ಟಿ ನೆಲ ತಾಗಿದ ಹಾಗೆ ಪಂಚ್ ಟಣ್ ಅಂದಾಗ ನಿಲ್ಲಿಸಿ, ಅದರ ಕೆಳಗೆ ಈಗ ತೆಳ್ಳನೆಯ ಬಿಲ್ಲೆಯಷ್ಟೇ ಉಳಿದಿದೆ. ಕೊಕ್ಕೆಯನ್ನು ತಿರುವಿ ಹಾಕಿ ನೋಡಿ. ಕೆಂಪು ಕಬ್ಬಿಣದ ನಡುವೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅಡಿಗಲ್ಲಿಗೆ ಒತ್ತಿಕೊಂಡು ಆ ಜಾಗ ಬೇಗ ತಣ್ಣಗಾಗಿದೆ, ಅದಕ್ಕೇ ಕಪ್ಪು. ಆ ಚುಕ್ಕೆ ಬೇಗ ಮಾಸಿಹೋಗುತ್ತದೆ, ತಡ ಮಾಡಬೇಡಿ. ಪಂಚ್ ಅದರ ಮೇಲೇ ಇಟ್ಟು, ಕೊಕ್ಕೆಯನ್ನು ದೊಡ್ಡ ನಟ್‌ನ ತೂತಿನ ಮೇಲೆ ಸರಿಸಿ ಒಂದು ಏಟು ಹಾಕಿ. ಬಿಲ್ಲೆ ಕೆಳಗೆ ಬೀಳುತ್ತದೆ. ಕಪ್ಪಗೆ ಕಾಣುತ್ತದೆ ಅಂತ ಕೈಯಲ್ಲಿ ಎತ್ತಿಕೊಳ್ಳಬೇಡಿ.